ಬಿಳಿ ಹತ್ತಿ

ಜನರ ಒಸಡುಗಳು ಒಡಲಿನ ಗುಟ್ಟನ್ನು ಬಣ್ಣದಲ್ಲಿ ಹೇಳತೊಡಗಿದ ಮೇಲೆ, ಹುಬ್ಬಳ್ಳಿಯ ಬಸ್ ಡಿಪೋದಲ್ಲಿ ಡ್ರೈವರುಗಳಿಗೆ ಬೇರೆ ತಪಾಸಣೆಯೇ ಬೇಕಾಗಲಿಲ್ಲ. ಗೇಟಿನಲ್ಲಿ ಬಾಯಿ ತೆರೆದರೆ ಸಾಕು. ಹೃದಯ ದಣಿದಿದ್ದರೆ ನೀಲಿ, ಸಕ್ಕರೆ ಏರಿದ್ದರೆ ಹಳದಿ. ಗುಲಾಬಿ ಕಂಡರೆ ಮಾತ್ರ ಕೈಗೆ ಬಸ್ಸಿನ ಕೀಲಿ.

ಗದಗ ರೂಟಿನ ಡ್ರೈವರ್ ಫಕೀರವ್ವನದು ಮೂರು ತಿಂಗಳಿಂದ ಹಳದಿ. ಇವತ್ತೂ ಹಳದಿಯಾದರೆ ಸ್ಟೇರಿಂಗ್ ಕಾಯಮ್ಮಾಗಿ ಬಿಟ್ಟು ಟೈರಿನ ಗೋದಾಮು ಸೇರಬೇಕಿತ್ತು.

ಗೇಟಿನಲ್ಲಿ ಬಾಯಿ ನೋಡುವ ದಸ್ತಗೀರ ಅವಳ ಬಾಯೊಳಗೆ ಇಣುಕಿ, ಗುಲಾಬಿ ಕಂಡು ನಕ್ಕ. “ಅಕ್ಕಾರ, ಬೀಟ್‌ರೂಟ್ ತಿಕ್ಕೊಂಡು ಬಂದೀರೇನು? ನಿನ್ನೆ ಒಬ್ಬಾಂವ ಕುಂಕುಮಾನ ಹಚ್ಗೊಂಡು ಬಂದಿದ್ದ. ಬಾಯೊಳಗ ಮಂಗಳಾರತಿ ನಡದಂಗಿತ್ತು.”

“ಒರಸಿ ನೋಡು, ಅಣ್ಣಾ.”

ಒದ್ದೆ ಹತ್ತಿಯಿಂದ ಒರೆಸಿದ. ಮತ್ತೆ ಒತ್ತಿ ಒರೆಸಿದ. ಬಣ್ಣವೂ ಬರಲಿಲ್ಲ, ರಕ್ತವೂ ಬರಲಿಲ್ಲ. ಹತ್ತಿ ಬಿಳಿಯಾಗಿಯೇ ಉಳಿಯಿತು.

“ಹೆಂಗ್ರೀ ಇದು?”

“ಮುಂಜಾನೆದ್ದು ತಂಬಾಕಿನ ಮಿಶ್ರಿ ತಿಕ್ಕೋದು ಬಿಟ್ಟೆ. ಎರಡೂ ಹೊತ್ತು ಬ್ರಶ್ ಹಿಡದೆ. ಚಾದಾಗ ಸಕ್ಕರಿ ಇಲ್ಲ. ನೀ ಕೀಲಿ ಕೊಡಂಗಿಲ್ಲ ಅಂತ ಗೊತ್ತಿದ್ರೂ ದಿನಾ ನಡ್ಕೋಂತ ಇಲ್ಲೀತನಾ ಬಂದೆ.”

“ಮಿಶ್ರಿ ಬಿಟ್ಟು ಮನಷ್ಯಾ ಬದಕ್ತಾನೇನ್ರೀ?”

“ನೀನೂ ಒಮ್ಮಿ ಬಾಯಿ ತಗಿ, ನೋಡೂಣು.”

ದಸ್ತಗೀರ ತುಟಿ ಬಿಗಿದು, ಮೀಸೆಯನ್ನು ಇನ್ನಷ್ಟು ಕೆಳಗೆಳೆದುಕೊಂಡು ಕೀಲಿ ಕೊಟ್ಟ.

ಉಳಿದ ಡ್ರೈವರುಗಳು ಬಸ್ಸಿನ ಮುಂದೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುತ್ತಾರೆ. ಫಕೀರವ್ವ ಆ ಹತ್ತಿಯನ್ನೇ ದಾರಕ್ಕೆ ಪೋಣಿಸಿ ಕಟ್ಟಿದಳು. ಗೇಟು ದಾಟುವಾಗ ಎದುರಿಗೆ ಒಂದು ನಾಯಿಯೂ ಇರಲಿಲ್ಲ. ಆದರೂ ಉದ್ದಕ್ಕೆ ಹಾರ್ನ್ ಒತ್ತಿದಳು.