ಒಳಗಿನಿಂದ ಬಳಿದ ಗೋಡೆ

ಗಾರೆ ಕೆಲಸಕ್ಕೆಂದು ಹರಿಹರದಿಂದ ಬಂದಿದ್ದ ಗುತ್ತೆಪ್ಪನ ಉಳಿ ಒಂದೇ ಏಟಿಗೆ ಹಿಡಿಯವರೆಗೂ ಇಳಿದುಹೋಯಿತು. ದಾವಣಗೆರೆಯ ಆ ಹಳೇ ಮನೆಯ ಮೂರಡಿ ದಪ್ಪದ ಗೋಡೆ ಅಲ್ಲಿ ಟೊಳ್ಳಾಗಿತ್ತು.

“ಬಿ.ಎ. ಓದಿದೋಳಿಗೆ ಬೀದಿ ನೋಡಾಕೆ ಕಿಟಕಿ ಬೇಕಂತೆ! ಗಂಡ ಹೋಗಿ ಇನ್ನೂ ವರ್ಷ ತುಂಬಿಲ್ಲ,” ಎಂದು ಅತ್ತೆ ನಿರ್ಮಲಮ್ಮ ಪಡಸಾಲೆಯಲ್ಲಿ ಗೊಣಗುತ್ತಲೇ ಇದ್ದರು. ಸೊಸೆ ಶಾಂತಕುಮಾರಿ ಮಾವನನ್ನು ತಿಂಗಳುಗಟ್ಟಲೆ ಕಾಡಿ ಒಪ್ಪಿಸಿದ ಕಿಟಕಿ ಅದು. ಅದಿಲ್ಲದೆ ಆ ಕತ್ತಲೆ ಕೋಣೆಯಲ್ಲಿ ತಾನು ಉಳಿಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಗುತ್ತೆಪ್ಪ ಇಟ್ಟಿಗೆಗಳನ್ನು ಕಿತ್ತ. ಒಳಗೊಂದು ಗೂಡು, ಲಿಂಗಾಯತರ ಸಮಾಧಿಯಲ್ಲಿ ಹೆಣ ಕೂರಿಸುವ ಗೂಡಿನದೇ ಅಳತೆ. ಒಂದು ವಿಭೂತಿ ಗಟ್ಟಿ ಬಿಟ್ಟರೆ ಪೂರ್ತಿ ಖಾಲಿ. ಕಿತ್ತ ಇಟ್ಟಿಗೆಯೊಂದನ್ನು ತಿರುವಿ ನೋಡಿ ಅವನು ಹಿಂದೆ ಸರಿದ.

“ಅಮ್ಮಾರೆ, ನಾವು ನಿಂತ ಕಡೇನೇ ಗಾರೆ ಬಳೀತೀವಿ. ಇಲ್ನೋಡ್ರಿ, ಬೆರಳಿನ ಗುರುತು ಒಳಮಗ್ಗುಲಿಗೈತೆ. ಮುಚ್ಚಿದೋರು ಒಳಗ ಕೂತು ಮುಚ್ಯಾರೆ.”

“ಹಂಗಾದ್ರೆ ಅವ್ರು ಎಲ್ಲಿಗೆ ಹೋದ್ರು?” ಎಂದಳು ಪಕ್ಕದಲ್ಲೇ ನಿಂತಿದ್ದ ಶಾಂತಕುಮಾರಿ.

ಗುತ್ತೆಪ್ಪ ಇಟ್ಟಿಗೆಯನ್ನು ಕೆಳಗಿಟ್ಟ. ಅವಳು ಬಗ್ಗಿ ಗೂಡಿನ ಒಳಹೊಕ್ಕು, ಗೋಡೆಗೆ ಬೆನ್ನು ಕೊಟ್ಟು ಕೂತಳು. ತಂಪಾಗಿತ್ತು. ಅಳತೆ ತೆಗೆದು ಕಟ್ಟಿದಂತೆ ಅವಳ ಭುಜ, ಮೊಣಕಾಲು, ತಲೆ ಎಲ್ಲಕ್ಕೂ ಜಾಗವಿತ್ತು. ಅತ್ತೆಯ ಗೊಣಗಾಟ ಇಲ್ಲಿಗೆ ಕೇಳಿಸುತ್ತಿರಲಿಲ್ಲ.

“ಹೊರಗ ಬರ್ರಿ ಅಮ್ಮಾರೆ.” ಗುತ್ತೆಪ್ಪ ಗೂಡಿನ ಹತ್ತಿರ ಬಾರದೆ ದೂರದಿಂದಲೇ ಕರೆದ. “ಕಿಟಕಿ ಎಷ್ಟು ಎತ್ತರಕ್ಕೆ ಇಡ್ಲಿ, ಹೇಳ್ರಿ.”

ಯಾವ ಕಿಟಕಿ ಎಂದು ಅವಳು ಬಹಳ ಹೊತ್ತು ಯೋಚಿಸಿದಳು.