ಸಾಹೇಬರು ಕೊಟ್ಟ ವಿಶೇಷಣ

ಅಮ್ಮ ಶರ್ಟಿನ ತೋಳಿಗೆ ನೀರು ಚಿಮುಕಿಸಿ ಇನ್ನೇನು ಇಸ್ತ್ರಿ ಪೆಟ್ಟಿಗೆ ಇಡಬೇಕು, ಅಷ್ಟರಲ್ಲಿ ಮಗಳು ನೋಟ್‌ಬುಕ್ ತಂದು ಆ ತೋಳಿನ ಮೇಲೆಯೇ ಹರಡಿದಳು. ಬರೆದಿದ್ದ ನಾಲ್ಕು ವಾಕ್ಯಗಳನ್ನೂ ಅಡ್ಡಗೆರೆ ಎಳೆದು ಹೊಡೆದುಹಾಕಿದ್ದಳು.

"ಅಮ್ಮಾ, ಅಪ್ಪ ಹೇಳಿದ ಅರ್ಥಕ್ಕೂ ಡಿಕ್ಷನರಿಯಲ್ಲಿರೋ ಅರ್ಥಕ್ಕೂ ತಾಳೆನೇ ಆಗ್ತಿಲ್ಲ."

"ಆಮೇಲೆ ನೋಡೋಣ ಮರಿ. ಹತ್ತು ಗಂಟೆಗೆ ಅಪ್ಪ ಸಾಹೇಬರ ಮುಂದೆ ಇರಬೇಕು."

"ಅದಕ್ಕೇ ಹೇಳಿದ್ದು, ಈಗ್ಲೇ ನೋಡು ಅಂತ."

ಆ ಪದ ಮನೆಗೆ ಕಾಲಿಟ್ಟದ್ದು ಮಂಗಳವಾರ. ಯಜಮಾನರು ಫ್ಯಾನ್ ಕಂಪನಿಯೊಂದರಲ್ಲಿ ದೂರು ವಿಭಾಗದ ಮುಖ್ಯಸ್ಥರು. ಬಗೆಹರಿಯದೆ ಉಳಿದ ದೂರುಗಳು ತಿಂಗಳಿಂದ ತಿಂಗಳಿಗೆ ಹೇಗೆ ಏರಿವೆ ಎಂದು ಬಣ್ಣದ ಗ್ರಾಫ್ ಬರೆದು, ದಪ್ಪ ರಟ್ಟು ಹಾಕಿಸಿ ವರದಿ ಕಳಿಸಿದ್ದರು. ಸಾಹೇಬರಿಂದ ಇಂಗ್ಲಿಷಿನಲ್ಲಿ ಒಂದೇ ಸಾಲಿನ ಉತ್ತರ ಬಂತು: ನಿಮ್ಮ ವರದಿ ಬಹಳ ಸೋಬರಿಂಗ್ ಆಗಿದೆ, ಶುಕ್ರವಾರ ಹತ್ತಕ್ಕೆ ನನ್ನ ಕೋಣೆಗೆ ಬನ್ನಿ. ಸೋಬರ್ ಅಂದರೆ ಈ ಮನೆಗೆ ಗೊತ್ತಿಲ್ಲದ ಮಾತೇನಲ್ಲ. ಮೆತ್ತಗೆ ಮಾತಾಡುವ ಅಳಿಯ ಸೋಬರ್, ಕಣ್ಣಿಗೆ ಹೊಡೆಯದ ಬಣ್ಣ ಸೋಬರ್. ಅದಕ್ಕೆ ‘ಇಂಗ್’ ಸೇರಿತೆಂದರೆ ಒಗ್ಗರಣೆಗೆ ಇಂಗು ಬಿದ್ದ ಹಾಗೆ, ಘಮ ಇನ್ನೂ ಜಾಸ್ತಿ ಎಂದು ಯಜಮಾನರು ಬಿಡಿಸಿ ಹೇಳಿದ್ದರು. ಹದಿನೆಂಟು ವರ್ಷದ ನೌಕರಿಯಲ್ಲಿ ಸಾಹೇಬರ ಬಾಯಿಂದ ಬಂದ ಮೊದಲ ವಿಶೇಷಣ ಇದು ಎಂದೂ ಸೇರಿಸಿದ್ದರು.

ಅಂದಿನಿಂದ ಕಾಫಿ ಸೋಬರಿಂಗ್, ಕಿಟಕಿಯ ಹೊಸ ಪರದೆ ಸೋಬರಿಂಗ್, ಎದುರುಮನೆಯ ನಾಯಿ ಬೊಗಳದೆ ಮಲಗಿದರೆ ಅದೂ ಸೋಬರಿಂಗ್. ಅಮ್ಮನೂ ಏನು ಕಡಿಮೆ ಇರಲಿಲ್ಲ. ಅಕ್ಕನಿಗೆ ಫೋನ್ ಮಾಡಿ, ಬಡ್ತಿಯ ಕಾಗದವೊಂದು ಕೈಗೆ ಬರುವುದು ಬಾಕಿ ಎನ್ನುವ ಹಾಗೆ ಹೇಳಿ, ಅಕ್ಕ ಸದಾ ಕೊಚ್ಚಿಕೊಳ್ಳುವ ಸೋಬರ್ ಅಳಿಯನ ಟೈರಿನ ಗಾಳಿ ಒಂದಿಷ್ಟು ಇಳಿಸಿದ್ದಳು. ಮನೆಯಲ್ಲಿ ಕೇಳಿದ ಒಂದು ಇಂಗ್ಲಿಷ್ ವಿಶೇಷಣ ಆರಿಸಿಕೊಂಡು ಐದು ವಾಕ್ಯ ಬರೆಯಿರಿ ಎಂದು ಶಾಲೆಯಲ್ಲಿ ಹೇಳಿದಾಗ ಮಗಳಿಗೆ ಹುಡುಕಾಡುವ ಕಷ್ಟವೇ ಬೀಳಲಿಲ್ಲ.

ಅಮ್ಮ ನೋಟ್‌ಬುಕ್ ಎತ್ತಿಕೊಂಡು ಓದಿದಳು. ಮಗಳು ದುಂಡಗಿನ ಅಕ್ಷರದಲ್ಲಿ ಅರ್ಥ ಇಳಿಸಿಕೊಂಡಿದ್ದಳು: ಗಂಭೀರವಾದ, ಯೋಚನೆಗೆ ಹಚ್ಚುವ, ಭ್ರಮೆ ಇಳಿಸುವ. ಉದಾಹರಣೆಗೆ ಆಸ್ಪತ್ರೆಯ ವರದಿ, ಅಪಘಾತದ ಸುದ್ದಿ, ಸಾವಿನ ಅಂಕಿಸಂಖ್ಯೆ. ಕಾಫಿ ಎಲ್ಲೂ ಇರಲಿಲ್ಲ.

ಅಮ್ಮ ಇಸ್ತ್ರಿಯ ಸ್ವಿಚ್ ಆರಿಸಿದಳು. ಹೋದ ತಿಂಗಳು ಬಿಡಿಭಾಗದ ವಿಭಾಗದವರನ್ನೂ ಸಾಹೇಬರು ಹೀಗೆಯೇ ಹತ್ತಕ್ಕೆ ಕರೆದಿದ್ದರು. ಹನ್ನೊಂದಕ್ಕೆಲ್ಲ ಅವರು ಊಟದ ಡಬ್ಬಿ ಹಿಡಿದುಕೊಂಡು ಮನೆಗೆ ವಾಪಸು ಬಂದಿದ್ದರು. ಈಗ ಬಾಯಿ ಬಿಟ್ಟರೆ ಈ ಮನುಷ್ಯ ಹೊಸ್ತಿಲಲ್ಲೇ ಕುಸಿಯುತ್ತಾರೆ. ಬಿಡದಿದ್ದರೆ ಹಲ್ಲು ಕಿರಿಯುತ್ತಾ ಹೋಗಿ, ಕೆಲಸ ಕಿತ್ತುಕೊಳ್ಳುವವರಿಗೆ ಥ್ಯಾಂಕ್ಸ್ ಹೇಳಿ ಬರುತ್ತಾರೆ. ಅವಳು ಮಗಳನ್ನು ಹತ್ತಿರಕ್ಕೆಳೆದು, ಸಾಯಂಕಾಲ ಅಪ್ಪ ಬಂದ ಮೇಲೆ ಕೇಳಿದರಾಯಿತು, ಅಲ್ಲಿಯವರೆಗೆ ಬಾಯಿಗೆ ಬೀಗ ಎಂದು ಪಿಸುಗುಟ್ಟಿದಳು.

ಯಜಮಾನರು ತಲೆ ಒರೆಸಿಕೊಳ್ಳುತ್ತಾ ಬಚ್ಚಲಿನಿಂದ ಬಂದರು. "ಏನು, ತಾಯಿ ಮಗಳ ಮೀಟಿಂಗು ಬಹಳ ಸೋಬರಿಂಗ್ ಆಗಿ ನಡೀತಿದೆ?"

ನಾಲ್ಕು ದಿನದಲ್ಲಿ ಮೊದಲ ಬಾರಿಗೆ ಪದ ಸರಿಯಾದ ಜಾಗದಲ್ಲಿ ಕೂತಿತ್ತು. ಅಮ್ಮನಿಗೆ ನಗು ಬರಲಿಲ್ಲ.

ಒಂದು ತೋಳು ಗರಿಗರಿ, ಇನ್ನೊಂದು ಸುಕ್ಕು. ಅದನ್ನೂ ನೋಡದೆ ಅವರು ಶರ್ಟು ತೊಟ್ಟರು. ಗುಂಡಿಗಳು ಒಂದೊಂದು ಮನೆ ಮೇಲಕ್ಕೆ ಹೋದವು. ಬಿಚ್ಚಿ ಮತ್ತೆ ಹಾಕಿದರು, ಮತ್ತೆ ತಪ್ಪಿತು. ಅಮ್ಮನೇ ಮುಂದೆ ಬಂದು ಒಂದೊಂದಾಗಿ ಸರಿಮಾಡಿದಳು. ಕೊನೆಯ ಗುಂಡಿಗೆ ಬರುವಷ್ಟರಲ್ಲಿ ಅವಳಿಗೆ ತಡೆಯಲಾಗಲಿಲ್ಲ.

"ರೀ, ಆ ಪದಕ್ಕೆ ಬೇರೆ ಅರ್ಥಾನೂ ಇರಬಹುದೇನೋ. ಸಾಹೇಬರಿಗೆ ಥ್ಯಾಂಕ್ಸ್ ಹೇಳೋಕೆ ಅವಸರ ಮಾಡ್ಬೇಡಿ."

"ಡಿಕ್ಷನರಿ ಬರೆದವನು ನಮ್ಮ ಆಫೀಸಲ್ಲಿ ಕೆಲಸ ಮಾಡಿದ್ದಾನೇನೇ?" ಎಂದು ಯಜಮಾನರು ನಕ್ಕರು. ಆ ನಗು ಬೇಕಾದ್ದಕ್ಕಿಂತ ತುಸು ಉದ್ದವಾಯಿತು. ಪದಗಳು ಆಫೀಸಿನಲ್ಲಿ ಒಂದು ಥರ, ಪುಸ್ತಕದಲ್ಲಿ ಒಂದು ಥರ, ಹೆಂಗಸರು ಸುಮ್ಮನೆ ಇಲ್ಲದ್ದನ್ನು ತಲೆಗೆ ಹಚ್ಚಿಕೊಳ್ಳಬಾರದು ಎಂದೆಲ್ಲ ಹೇಳುತ್ತಾ ಅವರು ಬಾಚಣಿಗೆಗಾಗಿ ಕೈಯಾಡಿಸಿದರು. ಬಾಚಣಿಗೆ ಅವರ ಕಣ್ಣೆದುರಿಗೇ ಇತ್ತು.

ಮಗಳ ಬಾಯಿಗೆ ಬೀಗ ಬಿದ್ದಿತ್ತೇ ಹೊರತು ಕಾಲಿಗಲ್ಲ. ಒಳಗೆ ಹೋಗಿ ದಪ್ಪ ಡಿಕ್ಷನರಿಯನ್ನು ಎರಡೂ ಕೈಯಲ್ಲಿ ಹೊತ್ತು ತಂದು, ಪುಟ ತೆರೆದು ಅಪ್ಪನ ಮುಂದೆ ಹಿಡಿದಳು. ಅಮ್ಮನೂ ಬಗ್ಗಿ ನೋಡಿದಳು. ಪದದ ಕೆಳಗೆ ಪೆನ್ಸಿಲಿನಿಂದ ಒತ್ತಿ ಎಳೆದ ಗೆರೆ. ಪಕ್ಕದಲ್ಲಿ ಪುಟ್ಟದಾಗಿ ತಾರೀಖು. ದೂರು ಕೈಗೆ ಬಂದ ದಿನವೇ ಅಂಚಿನಲ್ಲಿ ತಾರೀಖು ಹಾಕುವುದು ಅವರ ವಿಭಾಗದ ಪದ್ಧತಿ. ಆ ಅಭ್ಯಾಸ ಮನೆಯಲ್ಲೂ ಯಜಮಾನರ ಕೈ ಬಿಟ್ಟಿರಲಿಲ್ಲ. ಔಷಧಿ ಬಾಟಲಿಯಿಂದ ಗ್ಯಾಸ್ ಸಿಲಿಂಡರಿನವರೆಗೆ ಎಲ್ಲದರ ಮೇಲೂ ಇದೇ ಅಕ್ಷರ.

ಡಿಕ್ಷನರಿಯಲ್ಲಿದ್ದದ್ದು ಮಂಗಳವಾರದ ತಾರೀಖು.

ಅಮ್ಮ ಪುಸ್ತಕ ಮುಚ್ಚಲು ಕೈ ಚಾಚಿದಳು. ಅಷ್ಟರಲ್ಲಿ ಮಗಳು ತಲೆಯೆತ್ತಿ ಕೇಳಿಯೇಬಿಟ್ಟಳು:

"ಅಪ್ಪಾ, ಮಂಗಳವಾರಾನೇ ಅರ್ಥ ಗೊತ್ತಿದ್ರೆ, ಇಷ್ಟು ದಿನ ಯಾರಿಗೋಸ್ಕರ ಖುಷಿಯಾಗಿದ್ರಿ?"