ಗುಡಿಸಲು ಕೆಡವಿದ ದಿನ

ಜೆಸಿಬಿ ಒಂದು ಸಲ ತಳ್ಳಿದ್ದೇ ತಡ, ಗುಡಿಸಲು ಮಗುಚಿ ಬಿತ್ತು. ಬಾಣಂತಿಯರನ್ನು ಹಟ್ಟಿಯ ಹೊರಗಿಡಲೆಂದೇ ತಲೆತಲಾಂತರದಿಂದ ಕಟ್ಟುತ್ತಾ ಬಂದಿದ್ದ ಗುಡಿಸಲು ಅದು. ಬೆಳಗಿನವರೆಗೂ ಅದರಲ್ಲಿದ್ದ ಕಾವ್ಯಶ್ರೀ ಈಗ ಹಸಿಕೂಸನ್ನು ಎದೆಗವಚಿಕೊಂಡು ಹುಣಸೆಮರದ ಕೆಳಗೆ ನಿಂತಿದ್ದಳು. "ಇನ್ನು ಬಾಣಂತೀನ ಹೊರಗಿಟ್ರೆ ಮನೆಯವರ ಮೇಲೆ ಕೇಸ್ ಹಾಕ್ತೀವಿ," ಎಂದು ಅಧಿಕಾರಿ ಅವಳ ಅತ್ತೆ ಓಬಕ್ಕನಿಗೆ ಹೇಳಿದರು, ಫೋಟೊ ತೆಗೆಸಿಕೊಂಡರು. ಕಾನೂನು ಜೀಪಿನಲ್ಲಿ ಬಂದಿತ್ತು, ಜೀಪಿನಲ್ಲೇ ಹೊರಟುಹೋಯಿತು.

ಹಿರೇಗುಂಟನೂರಿನ ಕಡೆಯಿಂದ ಮೋಡ ಏರಿ ಬಂತು. ಗಂಡ ಪರಮೇಶ್ ಕುರಿ ಹೊಡೆದುಕೊಂಡು ಹೋದವನು ಇನ್ನೂ ಬಂದಿರಲಿಲ್ಲ. ಕಾವ್ಯಶ್ರೀ ಕೂಸಿನ ತಲೆಗೆ ಸೆರಗು ಹೊದಿಸಿ ಸೀದಾ ಮನೆಗೆ ನಡೆದಳು. ಓಬಕ್ಕ ಓಡಿಬಂದು ಬಾಗಿಲಿಗೆ ಅಡ್ಡ ನಿಂತಳು.

"ಅಲ್ಲೇ ನಿಂತ್ಕ ಕಣವ್ವ. ಸೂತಕ ಕಳೆದಿಲ್ಲ. ಒಳಗೆ ದೇವ್ರು ಐತೆ."

"ಮಳೆ ಬರಂಗೈತೆ ಅತ್ತೆ. ತೊಯ್ದ್ರೆ ಕೂಸು ಉಳಿಯಲ್ಲ."

"ಒಳಗ್ ಬಂದ್ರೂ ಉಳಿಯಲ್ಲ ಕಣೇ!"

ಆ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಹೆದರಿಕೆ. ಪಾಪ, ಮೊಮ್ಮಗುವನ್ನು ಅವಳಿನ್ನೂ ಮುಟ್ಟಿಯೇ ಇರಲಿಲ್ಲ. ದಿನಾ ಗುಡಿಸಲಿನಿಂದ ದೂರದಲ್ಲೇ ಊಟ ಇಟ್ಟು, ಅಲ್ಲಿಂದಲೇ ಕಣ್ತುಂಬ ನೋಡಿ ಬರುತ್ತಿದ್ದಳು.

"ದೇವ್ರು ಏನೂ ಮಾಡಲ್ಲ ಅತ್ತೆ. ಪೊಲೀಸ್ನೋರು ಬಂದು ನಿಮ್ಮ ಮಗನ್ನ ಹಿಡ್ಕಂಡು ಹೋದ್ರೆ?"

ಪಿಯುಸಿ ಪಾಸಾದ ಸೊಸೆಗೆ ಎಲ್ಲಿ ಒತ್ತಿದರೆ ನೋಯುತ್ತದೆಂದು ಗೊತ್ತಿತ್ತು. ಓಬಕ್ಕ ಜೀಪು ಹೋದ ದಾರಿ ನೋಡಿದಳು, ಮುಗಿಲು ನೋಡಿದಳು. ಒಳಗಿನಿಂದ ಕಂಬಳಿ ತಂದು, ಸೊಸೆಯ ಮೈ ಸೋಕದಂತೆ ಗೋಡೆಗೆ ಒತ್ತಿಕೊಂಡು ಹೊರಗೆ ಬಂದಳು. "ನೀನು ಹೋಗವ್ವ. ನಾನಂತೂ ಆ ಮನೇಲಿರಲ್ಲ," ಎಂದವಳೇ ಹುಣಸೆಮರದ ಕೆಳಗೆ ಹೋಗಿ ಕುಳಿತಳು.

ಕಾವ್ಯಶ್ರೀ ಗೆದ್ದಳು. ಕೂಸನ್ನು ಕೌದಿಯ ಮೇಲೆ ಮಲಗಿಸಿ ಬಾಗಿಲು ಹಾಕಿಕೊಂಡಳು. ಹೆಂಚಿನ ಮೇಲೆ ಮಳೆ ಧೋ ಎಂದು ಸುರಿಯತೊಡಗಿತು. ಒಳಗೆ ಬೆಚ್ಚಗಿತ್ತು. ದೇವರ ಗೂಡಿನ ಕಡೆ ನೋಡಬಾರದು ಅಂದುಕೊಂಡಳು, ಆದರೂ ನೋಡಿದಳು.

ಕೂಸು ಸೀನಿತು.

ಕಾವ್ಯಶ್ರೀ ಬಗ್ಗಿ ಅದರ ಹಣೆ ಮುಟ್ಟಿ ನೋಡಿದಳು. ಹೊರಗಿನ ತಣ್ಣನೆ ಗಾಳಿಯಿಂದ ಒಳಗೆ ಬಂದರೆ ಯಾವ ಕೂಸೂ ಸೀನುತ್ತದೆ, ಅದು ಅವಳಿಗೆ ಗೊತ್ತು. ಕೂಸು ಇನ್ನೊಂದು ಸಲ ಸೀನಿತು.

"ತಪ್ಪಾಯ್ತು ಸ್ವಾಮಿ, ತಪ್ಪಾಯ್ತು," ಎನ್ನುತ್ತಾ ಅವಳು ಕೂಸನ್ನು ಬಾಚಿ ಎತ್ತಿಕೊಂಡು, ಸುರಿಯುವ ಮಳೆಗೆ ಬಾಗಿಲು ತೆರೆದಳು.